ಗೋದಲಿಗೆ ಅವ್ವ ತಂದ ಮೊಳಕೆ

ಪ್ಲಾಸ್ಟಿಕ್ ಹುಲ್ಲಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ದಿಂಡಿಗಲ್ಲಿನಲ್ಲಿ ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಕ್ರಿಸ್‌ಮಸ್ಸಿಗೆ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಕಟ್ಟುವುದು ಆ ಹುಲ್ಲಿನಲ್ಲೇ. ಥರ್ಮಾಕೋಲ್ ಬೆಟ್ಟ, ಮೋಟಾರಿನಲ್ಲಿ ಹರಿಯುವ ನೀಲಿ ನೀರು, ಗೇಟಿನ ಮೇಲೊಂದು ಫ್ಲೆಕ್ಸು. ಫ್ಲೆಕ್ಸಿನ ಮೂಲೆಯಲ್ಲಿ ಬಾಲಯೇಸು ಅಂಗೈಯಷ್ಟು. ಕೈಮುಗಿದು ನಿಂತ ಭಾವ ಮಾತ್ರ ಆಳೆತ್ತರ. ಚರ್ಚಿನವರು ಮನೆಮನೆಯ ಗೋದಲಿ ನೋಡಿ ಬಹುಮಾನ ಕೊಡುತ್ತಾರೆ. ಆ ಬಹುಮಾನಕ್ಕಾಗಿ ದೇವರು ಹುಟ್ಟುವುದನ್ನೇ ಕಾಯುತ್ತಿದ್ದಾರೋ ಅನ್ನುವಷ್ಟು ಅವರ ಗಡಿಬಿಡಿ.

ನಾನು ಹುಟ್ಟಿದ್ದು ಇಂಥ ಮನೆಯಲ್ಲಲ್ಲ. ತೇನಿಯ ಕಡೆ, ಹನುಮಂತನಪಟ್ಟಿಯ ಹತ್ತಿರ ದ್ರಾಕ್ಷಿ ಬೆಳೆಯುವ ಹಿಂದೂ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಯೇಸುವನ್ನು ಯಾರೂ ನನ್ನ ತಲೆಗೆ ತುಂಬಿದ್ದಲ್ಲ, ಮದುವೆಯ ಜೊತೆ ಬಂದದ್ದೂ ಅಲ್ಲ. ಹಾಸ್ಟೆಲಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಸುಮ್ಮನೆ ಕೂತು ಅಳುವುದಕ್ಕೆ ನನಗೆ ಸಿಕ್ಕ ಜಾಗ ಪಕ್ಕದ ಚರ್ಚೊಂದೇ. ಶಿಲುಬೆಯ ಮೇಲಿದ್ದವನು ಯಾಕೆ ಬಂದೆ ಅಂತ ಕೇಳಲಿಲ್ಲ. ಆಮೇಲೆ ಅವನನ್ನು ಬಿಡಲು ನನಗೆ ಆಗಲಿಲ್ಲ.

ನೆಂಟರು ಮುಖ ತಿರುಗಿಸಿದರು. ಅವ್ವ ಬೈಯಲಿಲ್ಲ. "ನಿನ್ ಸಾಮಿಗೆ ಏನ್ ಇಕ್ಕಬೇಕು ತಾಯಿ?" ಅಂತ ಮಾತ್ರ ಕೇಳಿದಳು. ಏನೂ ಬೇಡ ಅಂದೆ. ಅವಳ ಮುಖ ಸಣ್ಣದಾಯಿತು. ಏನೂ ಕೊಡದೆ ಮಗಳ ದೇವರ ಹತ್ತಿರ ಹೋಗುವುದು ಹೇಗೆ ಅಂತ ಅವಳಿಗೆ ತಿಳಿಯಲೇ ಇಲ್ಲ.

ಹೋದ ವರ್ಷ ಏನೋ ಮಾತಿನ ನಡುವೆ, ಹಿಂದೆಲ್ಲ ಗೋದಲಿಯ ನೆಲಕ್ಕೆ ಕಾಳು ಬಿತ್ತಿ ಪೈರು ಬೆಳೆಸುತ್ತಿದ್ದರಂತೆ ಅಂದೆ. ಅವ್ವ ಎದ್ದು ಕೂತಳು. "ಅದು ನಂಗೆ ಬತ್ತದಲ್ಲ!"

ಬರುತ್ತದೆ ಅಂದರೆ, ಮಾರಿಯಮ್ಮನಿಗೆ ಮುಳೈಪಾರಿ ಬೆಳೆಸುವುದರಲ್ಲಿ ಅವಳದು ಪಳಗಿದ ಕೈ. ಮಡಕೆಗೆ ಒಣಸಗಣಿಯ ಪುಡಿ ತುಂಬಿ, ಹೆಸರು, ಅಲಸಂದೆ, ಅವರೆ ಬಿತ್ತಿ, ಕತ್ತಲೆ ಕೋಣೆಯಲ್ಲಿ ಮುಚ್ಚಿಟ್ಟು ಬೆಳೆಸುವ ಮೊಳಕೆ ಅದು. ಬೆಳೆಸುವವಳು ಅಷ್ಟು ದಿನವೂ ಮಾಂಸ ಮುಟ್ಟಬಾರದು. ಕೊನೆಯ ದಿನ, ಮಡಕೆ ದೇವರ ಮುಂದೆ ಕೂರುವ ತನಕ ಅನ್ನವನ್ನೂ ಮುಟ್ಟಬಾರದು. ಯೇಸುವಿಗೂ ಅವಳು ಅದೇ ನೇಮ ಹಿಡಿದಳು. ಕತ್ತಲಲ್ಲಿ ಬೆಳೆದದ್ದು ಹಸಿರಾಗುವುದಿಲ್ಲ, ಬೆಣ್ಣೆಯ ಬಣ್ಣಕ್ಕೆ ಉದ್ದಕ್ಕೆ ಏಳುತ್ತದೆ. ಮಾರಿಯಮ್ಮನಿಗೆ ಅದೇ ಚೆಂದ. ಗೋದಲಿಗೆ ಹಸಿರು ಬೇಕಲ್ಲ ಅಂತ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹಬ್ಬದ ಹಿಂದಿನ ದಿನ ಮಡಕೆಗಳನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನ ಗಾಳಿಗೆ ಸೆರಗು ಮರೆ ಮಾಡಿ, ಅವ್ವ ನನ್ನ ಜೊತೆ ದಿಂಡಿಗಲ್ಲಿಗೆ ಬಂದಳು. ಭಾವನ ಮನೆಯಲ್ಲಿ ಕಜ್ಜಾಯ ಬೇಯುತ್ತಿತ್ತು. ಭಾವ ಮಡಕೆಯ ಬಟ್ಟೆ ಸರಿಸಿ ನೋಡಿದವರು ಹಾವು ಕಂಡವರ ಹಾಗೆ ಹಿಂದಕ್ಕೆ ಸರಿದರು.

"ಇದು ಮುಳೈಪಾರಿ ಅಲ್ವಾ ಅತ್ತೆ? ಮಾರಿಯಮ್ಮನ ಗುಡಿಯದ್ದು. ಫಾದರ್ ಬಂದು ನೋಡಿದರೆ ನನ್ನ ಮರ್ಯಾದೆ ಏನಾಗಬೇಕು?" ಅಂದರು ತಮಿಳಿನಲ್ಲಿ.

ಬೆರಳ ತುದಿಯಲ್ಲಿ ಹಿಡಿದು ಮಡಕೆಗಳನ್ನು ಹಿತ್ತಲ ನಲ್ಲಿಯ ಪಕ್ಕ ಇಟ್ಟು ಬಂದರು. ಬಂದವರೇ ಸೋಪು ಹಾಕಿ ಕೈ ತೊಳೆದುಕೊಂಡರು. ಅಲ್ಲಿ ಬಿರಿಯಾನಿಗೆ ಮಾಂಸ ತೊಳೆಯುತ್ತಿದ್ದರು, ಕೆಂಪು ನೀರು ಮಡಕೆಗಳ ಕಡೆಗೇ ಹರಿದು ಬರುತ್ತಿತ್ತು. ಅವ್ವ ಓಡಿಹೋಗಿ ಎತ್ತಿಕೊಂಡಳು. ನನಗೆ ಹೇಸಿಗೆಯಾಯಿತು. ಅದು ಆ ನೀರಿಗಲ್ಲ, ಆ ಸೋಪಿಗೆ.

"ಭಾವ, ನಿಮ್ಮ ಹೊಸ ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ನೇತಾಡುತ್ತಿದೆಯಲ್ಲ, ಅದನ್ನು ಯಾವ ಫಾದರ್ ಕಟ್ಟಿದರು?"

"ಅದು ದೃಷ್ಟಿಗೆ. ಅದು ಬೇರೆ," ಅಂದರು. ಕಣ್ಣು ಕೂಡ ಮಿಟುಕಿಸಲಿಲ್ಲ.

ನನ್ನ ಗಂಡ ನಕ್ಷತ್ರಕ್ಕೆ ವೈರು ಸಿಕ್ಕಿಸುವುದರಲ್ಲಿ ಮುಳುಗಿಹೋದಂತೆ ನಟಿಸುತ್ತಿದ್ದರು. ಭಾವನ ಮೇಲೆ ಬಂದ ಅಸಹ್ಯಕ್ಕಿಂತ ಆ ಬಗ್ಗಿದ ಬೆನ್ನಿನ ಮೇಲೆ ಬಂದದ್ದು ಹೆಚ್ಚು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಭಾವ ಪ್ಲಾಸ್ಟಿಕ್ ಹುಲ್ಲು ಹಾಸಿ, ಅದರ ಮೇಲೆ ದನ, ಕುರಿ, ಕತ್ತೆಗಳನ್ನು ಜೋಡಿಸಿದರು. ತಿನ್ನಲು ಆ ಮೂಕಪ್ರಾಣಿಗಳಿಗೆ ಒಂದೆಸಳು ನಿಜವಾದದ್ದಿಲ್ಲ. ಇಂಥವರ ಜೊತೆ ಮೊಣಕಾಲೂರಿ ನಾನು ಯಾವ ಬಾಯಲ್ಲಿ ಪ್ರಾರ್ಥನೆ ಮಾಡಲಿ?

ಅವ್ವ ಮಡಕೆಯ ಬುಡ ಒರೆಸುತ್ತ ಕೇಳಿದಳು. "ನಿನ್ ಸಾಮಿ ಬ್ಯಾಡ ಅಂದಾನಾ ತಾಯಿ?"

"ಇಲ್ಲವ್ವ."

"ಇವ್ರು ತಾನೇ ಅಂದದ್ದು?"

"ಹೂಂ."

"ಹಂಗಾರೆ ನಡಿ. ಇದ್ನ ಮಡಗಾಕೆ ಬ್ಯಾರೆ ಜಾಗ ನೋಡನ."

ಹಬ್ಬದ ಊಟ ಬಿಟ್ಟು ಹೋಗುತ್ತೀರಾ ಅಂತ ಯಾರೋ ಕೂಗಿದರು. ನಾನು ತಿರುಗಿ ನೋಡಲಿಲ್ಲ. ಸಂಜೆಯ ಬಸ್ಸಿನಲ್ಲಿ ನಾವಿಬ್ಬರೇ ತೇನಿಗೆ, ನಾನೂ ಗಂಡನೂ ಇರುವ ಮನೆಗೆ ಬಂದೆವು. ನಮ್ಮ ಮನೆಯಲ್ಲಿ ಗೋದಲಿ ಇಲ್ಲ. ಅಡುಗೆಮನೆಯ ಗೂಡಿನಲ್ಲಿ ಒಂದು ಮರದ ಶಿಲುಬೆ ಇದೆ, ಒಗ್ಗರಣೆಯ ಹೊಗೆಗೆ ಕಪ್ಪಾಗಿದೆ. ಅದರ ಕೆಳಗೆ ಒಂದೊಂದೇ ಮಡಕೆ ಇಟ್ಟೆ. ಬಾಗಿದ ಮೊಳಕೆಗಳನ್ನು ಅವ್ವ ಬೆರಳಲ್ಲಿ ನೆಟ್ಟಗೆ ಮಾಡಿದಳು, ಕೈಮುಗಿದಳು, ಗೋಡೆಗೆ ಒರಗಿ ಕೂತಳು. ಕಜ್ಜಾಯದ ವಾಸನೆ ತುಂಬಿದ ಆ ಮನೆಯಲ್ಲೂ ಸೇರಿ, ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿಲ್ಲ ಅನ್ನುವುದು ನನಗೆ ಆಗ ನೆನಪಾಯಿತು.

"ಆತು," ಅಂದಳು. "ಈಗ ಅನ್ನ ಇಕ್ಕು ತಾಯಿ."