ಬಿಳಿ ಬಟ್ಟೆ ಹಿಡಿದವಳು

ಅವ್ವ ಸತ್ತ ಮೇಲೆ ಗೋಡೆಗೆ ಹಾಕಲು ಒಂದು ಫೋಟೊ ಬೇಕಾಯಿತು. ಊರೂರು ತಿರುಗಿ ಮಂದಿಯ ಮದುವೆ ಶೂಟಿಂಗ್ ಮಾಡುವ ನನ್ನ ಮನೆಯಲ್ಲಿ ಅವ್ವನದೊಂದು ನೆಟ್ಟಗಿನ ಫೋಟೊ ಇರಲಿಲ್ಲ. ಮೊಬೈಲ್ ಎತ್ತಿದರೆ ಸಾಕು, ಅವಳ ಸೆರಗು ಮುಖಕ್ಕೆ ಬರುತ್ತಿತ್ತು. "ನಂದೇನ್ ತಗೀತಿ, ಬಿಡು" ಅಂತ ಒಳಗೆ ಹೋಗಿಬಿಡುತ್ತಿದ್ದಳು. ಇನ್ನೊಂದು ದಿನ ತೆಗೆದರಾಯಿತು ಅಂತ ನಾನೂ ಸುಮ್ಮನಾಗುತ್ತಿದ್ದೆ. ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ತಂದೆ. ಬಸವನ ಬಾಗೇವಾಡಿಯಿಂದ ಬಂದಿದ್ದ ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಅವ್ವ ಅಲ್ಲ," ಅಂದಳು. "ಇಷ್ಟು ವರ್ಷ ಮಂದೀದೆಲ್ಲಾ ತಗದಿ. ಅವ್ವಂದು ಒಂದರ ತಗದಿಲ್ಲೇನು ನೀ?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಿನ್ನ ಕೈಯಾಗ ಫೋನ್ ಇರಲಿಲ್ಲೇನು? ನೀನರ ತಗೀಬೇಕಿತ್ತು" ಅಂತ ತಿರುಗಿ ಬಿದ್ದೆ. ಅಕ್ಕ ಫೋಟೊದ ಮುಖವನ್ನು ಗೋಡೆಗೆ ಮಾಡಿ ಇಟ್ಟು ಅಡುಗೆಮನೆಗೆ ಹೋದಳು. ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಹೇಳುವ ಧೈರ್ಯ ಇರಲಿಲ್ಲ. ಹೇಳಬೇಕೆಂದರೆ ನಾನು ಈ ಕೆಲಸ ಕಲಿತ ಕಡೆಯಿಂದಲೇ ಶುರು ಮಾಡಬೇಕು.

ತಾಂಬಾದ ನಮ್ಮ ಮನೆಯಿಂದ ಸಿಂದಗಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಫೋಟೊ ಸ್ಟುಡಿಯೋ. ಅದನ್ನು ನಡೆಸುತ್ತಿದ್ದವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ಹೆಂಗಸರ ಕಡೆ ಶೂಟಿಂಗ್ ಮಾಡಲು ಒಬ್ಬ ಹುಡುಗಿ ಬೇಕಾಗಿದ್ದಳು. ಸುರಗಿಯ ಹೊತ್ತಿಗೆ, ಅಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಶಿನ ಹಚ್ಚಿ ನೀರು ಹಾಕುವಾಗ, ಗಂಡಸು ಕ್ಯಾಮೆರಾ ಹಿಡಿದು ನಿಂತರೆ ಹೆಂಗಸರು ಮುದುಡಿಕೊಳ್ಳುತ್ತಿದ್ದರಂತೆ. ನಾನು ಹೋಗಿ ಕೇಳಿದೆ. ಕಾಕಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. "ಕೈ ನಡುಗ್ತಾವೇನು?" ಅಂದರು. "ಇಲ್ರಿ" ಅಂದೆ. ಆಗಲೇ ನಡುಗುತ್ತಿದ್ದವು.

ಅವ್ವನಿಗೆ ಹೇಳಿದಾಗ ಬೈಯುತ್ತಾಳೆ ಅಂದುಕೊಂಡಿದ್ದೆ. ಅಪ್ಪ ತೀರಿಹೋದಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಅವ್ವ ಇಂಡಿ ಕಡೆಯ ತೋಟಗಳಲ್ಲಿ ನಿಂಬೆಹಣ್ಣು ಹರಿಯುವ ಕೂಲಿಗೆ ಹೋಗುತ್ತಿದ್ದಳು. ನಿಂಬೆಯ ಮುಳ್ಳು ಬೆರಳಿನ ಮೇಲೆಲ್ಲ ಗೀರು ಹಾಕಿತ್ತು. ಒಂದು ಮಾಯುವುದರೊಳಗೆ ಇನ್ನೊಂದು. ಆ ಬೆರಳಿನಲ್ಲೇ ನನ್ನ ಗದ್ದ ಹಿಡಿದು, "ಕಲಿ ಯವ್ವಾ. ಕೈಯಾಗ ಒಂದು ಕೆಲಸ ಇದ್ರ ಯಾರ ಮುಂದೂ ನಿಲ್ಲೂದು ಬ್ಯಾಡ" ಅಂದಳು. ಮರುದಿನದಿಂದ ತೋಟದ ಹೆಂಗಸರಿಗೆಲ್ಲ, ನಮ್ಮ ಸಣ್ಣಾಕಿ ಕ್ಯಾಮೆರಾ ಹಿಡೀತಾಳ ಅಂತ ಹೇಳಿಕೊಂಡು ತಿರುಗಿದಳು. ನನಗೋ ಇನ್ನೂ ಕ್ಯಾಮೆರಾದ ಚೀಲ ಹೊರುವುದಷ್ಟೇ ಕೆಲಸ.

ಕಾಕಾ ಕಲಿಸುವುದರಲ್ಲಿ ಬಲು ಬಿಗಿ. ಮೊದಲ ತಿಂಗಳು ಸ್ಟುಡಿಯೋದ ಎದುರಿನ ಬೇವಿನ ಮರದ ಶಾಟನ್ನೇ ತೆಗೆಸಿದರು. ದೂರದಿಂದ, ಅರ್ಧ, ಹತ್ತಿರದಿಂದ. ದೂರದ್ದು ಜಾಗ ತೋರಿಸುತ್ತದೆ, ಅರ್ಧದ್ದು ಮನುಷ್ಯನನ್ನು, ಹತ್ತಿರದ್ದು ಮನಸ್ಸನ್ನು ಅನ್ನುತ್ತಿದ್ದರು. ಮರಕ್ಕೆಂಥ ಮನಸ್ಸು ಅಂತ ನಾನು ಗೊಣಗಿದರೆ, "ಅದು ಕಾಣೂತನ ತಗಿ" ಅನ್ನುತ್ತಿದ್ದರು. ಶಾಟ್ ಮುಗಿಯಿತು ಅನ್ನಿಸಿದ ಮೇಲೂ ಕ್ಯಾಮೆರಾ ಬಂದ್ ಮಾಡುವಂತಿರಲಿಲ್ಲ. "ಮುಗೀತು ಅಂದಮ್ಯಾಲೆ ಹತ್ತು ಎಣಸು. ಮಂದಿ ಖರೇ ಮುಖ ತೋರಸೂದು ಆವಾಗ." ಅವಸರದ ಹುಡುಗಿ ನಾನು, ಆರಕ್ಕೋ ಏಳಕ್ಕೋ ಬೆರಳು ಒತ್ತಿಬಿಡುತ್ತಿದ್ದೆ. ಪ್ರತಿ ಸಲ ಬೈಸಿಕೊಳ್ಳುತ್ತಿದ್ದೆ.

ಇನ್ನೊಂದು ಪಾಠ ಬಿಳಿ ಬಟ್ಟೆಯದು. ಎಲ್ಲಿ ಹೋದರೂ ಮೊದಲು ಒಂದು ಬಿಳಿ ಬಟ್ಟೆಯನ್ನು ಯಾರಿಂದಲಾದರೂ ಹಿಡಿಸಿ ಅದನ್ನು ತೆಗೆಯಬೇಕು. "ನಮ್ಮ ಕಣ್ಣು ಶ್ಯಾಣ್ಯಾ ಅದಾವು, ಕ್ಯಾಮೆರಾ ದಡ್ಡ ಐತಿ. ಬಿಳೇದು ಯಾವುದಂತ ಅದಕ್ಕ ಮೊದಲ ತೋರಸಬೇಕು. ಆಮ್ಯಾಲೆ ಉಳದ ಬಣ್ಣ ತಾನ ಸರಿ ಬರ್ತಾವ." ಆ ತುಣುಕು ವಿಡಿಯೋದಲ್ಲಿ ಬರುವುದಿಲ್ಲ. ಬಣ್ಣ ಹೊಂದಿಸಿದ ಮೇಲೆ ಅದನ್ನು ಬಿಸಾಕುತ್ತೇವೆ. ಅದಕ್ಕೆ ಹತ್ತು ಎಣಿಸುವ ನಿಯಮವೂ ಇಲ್ಲ.

ಕೆಲಸವಿಲ್ಲದ ಮಧ್ಯಾಹ್ನ ಕತೆ ಕಟ್ಟುವುದನ್ನೂ ಹೇಳಿಕೊಟ್ಟರು. ಕಾಕಾನಿಗೆ ಒಂದು ಕಾಲಕ್ಕೆ ಸಿನಿಮಾ ಮಾಡುವ ಹುಚ್ಚಿತ್ತು. "ಮೂರ ಪ್ರಶ್ನೆ ತಂಗಿ. ಯಾರಿಗೆ ಏನ ಬೇಕಾಗೇತಿ? ಅಡ್ಡ ಏನ ನಿಂತೈತಿ? ಕಡೀಕ ಏನಾತು? ಇಷ್ಟ ಗೊತ್ತಾದ್ರ ಕ್ಯಾಮೆರಾ ಎಲ್ಲಿ ಇಡಬೇಕು ಅನ್ನೂದು ತಾನ ತಿಳೀತೈತಿ." ಮದುವೆಮನೆಗೆ ಕಾಲಿಟ್ಟ ಕೂಡಲೇ ಅದನ್ನೇ ಕೇಳುತ್ತಿದ್ದರು. ಇಲ್ಲಿ ಯಾರಿಗೆ ಏನು ಬೇಕಾಗಿದೆ ಹೇಳು. ನಾನು ತಡವರಿಸುತ್ತ ಹೇಳುತ್ತಿದ್ದೆ: ಮದುಮಗನ ತಂಗಿಗೆ ಎಲ್ಲರೂ ತನ್ನ ಸೀರೆ ನೋಡಬೇಕು, ಆ ಮಾವನಿಗೆ ಯಾರಾದರೂ ಊಟಕ್ಕೆ ಕರೆಯಬೇಕು. ಕಾಕಾ ನಗುತ್ತಿದ್ದರು.

ಇಷ್ಟೆಲ್ಲ ಕಲಿಸಿದವರು ಇನ್ನೊಂದನ್ನೂ ಕಲಿಸಿದರು. ಗಂಡ ಸತ್ತ ಹೆಂಗಸರು ಶುಭದ ಶಾಟಿನಲ್ಲಿ ಬರಬಾರದು. ಸುರಗಿ, ಆರತಿ, ತಾಳಿ, ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತು, ಯಾವುದರಲ್ಲೂ ಬರಬಾರದು. ಮೊದಮೊದಲು ನನಗೆ ತಿಳಿಯಲಿಲ್ಲ. ಮುದ್ದೇಬಿಹಾಳದ ಒಂದು ಮದುವೆಯಲ್ಲಿ ಮದುಮಗಳ ಅಜ್ಜಿ, ಪಾಪ, ಯಾರೋ ಕೊಟ್ಟ ಆರತಿ ತಟ್ಟೆಯನ್ನು ಒಂದು ಗಳಿಗೆ ಹಿಡಿದುಕೊಂಡು ಮೊಮ್ಮಗಳನ್ನು ನೋಡಿ ನಕ್ಕಿದ್ದಳು. ನಾನು ಆ ನಗೆಯನ್ನು ಹತ್ತಿರದಿಂದ ತೆಗೆದಿದ್ದೆ. ಆವರೆಗೆ ತೆಗೆದದ್ದರಲ್ಲೆಲ್ಲ ಅದೇ ಒಳ್ಳೆಯದು ಅಂತ ಹಿಗ್ಗಿದ್ದೆ. ವಿಡಿಯೋ ನೋಡಿದ ಮನೆಯವರು ಸ್ಟುಡಿಯೋಕ್ಕೇ ಬಂದರು. "ಶುಭದಾಗ ಇದೇನ್ರಿ ಇದು? ತಗದ ಹಾಕ್ರಿ" ಅಂದರು.

"ನಂದೇನಿಲ್ಲ ತಂಗಿ," ಅಂದರು ಕಾಕಾ, ಅವರು ಹೋದ ಮೇಲೆ. "ಮಂದಿ ಕೇಳೂದು ಹಂಗ."

ನಾನೇ ಕೂತು ಕತ್ತರಿಸಿದೆ. ಅಜ್ಜಿಯ ಮುಖ ಇದ್ದ ಕಡೆ ದೀಪದ ಶಾಟ್ ಕೂರಿಸಿದೆ. ಕಾಕಾ ನೋಡಿ, "ಅಲ್ಲೊಬ್ಬಾಕಿ ಇದ್ಲು ಅಂತ ಗೊತ್ತಾಗೂದ ಇಲ್ಲ ನೋಡು" ಅಂತ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ಖುಷಿಪಟ್ಟೆ. ನಮ್ಮ ಮನೆಯಲ್ಲೇ ಅಂಥವಳೊಬ್ಬಳು ನನಗೆ ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಾಳೆ ಅನ್ನುವುದು ಆವತ್ತು ನನ್ನ ತಲೆಗೆ ಹೊಳೆಯಲಿಲ್ಲ. ಆಮೇಲೆ ಯಾರೂ ಹೇಳುವುದು ಬೇಕಾಗಲಿಲ್ಲ. ಹಣೆ ಖಾಲಿ ಇದ್ದ ಹೆಂಗಸು ಅಂಚಿಗೆ ಬಂದರೆ ಕೈ ತಾನೇ ಆಚೆ ಹೊರಳುತ್ತಿತ್ತು.

ಹೀಗಿರುವಾಗ ಅಕ್ಕನ ಮದುವೆ ಬಂತು. ಗಂಡಿನವರು ಬಸವನ ಬಾಗೇವಾಡಿಯವರು, ಮದುವೆ ಅಲ್ಲೇ. ಸುರಗಿ ಮಾತ್ರ ಹಿಂದಿನ ದಿನ ನಮ್ಮ ಮನೆಯಲ್ಲಿ. ಬೆಳಿಗ್ಗೆ ಚೀಲ ತೆಗೆದರೆ ಬಿಳಿ ಬಟ್ಟೆ ಸ್ಟುಡಿಯೋದಲ್ಲೇ ಉಳಿದುಬಿಟ್ಟಿತ್ತು. ಹೆಂಗಸರೆಲ್ಲ ಅರಿಶಿನ ಕಲೆಸುವ ಗಡಿಬಿಡಿಯಲ್ಲಿದ್ದರು. ಅವ್ವ ಒಬ್ಬಳೇ ಕೈ ಖಾಲಿ. ಆ ಕೆಲಸ ಯಾವುದನ್ನೂ ಅವಳು ಮುಟ್ಟುವಂತಿರಲಿಲ್ಲ. ನನ್ನ ಕೂಗಾಟ ಕೇಳಿ ಟ್ರಂಕಿನಿಂದ ಅಪ್ಪನ ಧೋತರ ತಂದಳು. "ಇದು ಬಿಳೇದಲ್ಲ ಬೇ, ಹಳದಿ ಆಗೇತಿ" ಅಂತ ಸಿಡುಕಿದೆ. "ತೊಳದ ಇಟ್ಟೇನವಾ" ಅಂದಳು. ಬೇರೆ ದಾರಿಯಿಲ್ಲದೆ ಅದನ್ನೇ ಅವಳ ಕೈಯಿಂದ ಹಿಡಿಸಿದೆ. ಹಳದಿಗಟ್ಟಿದ ಬಟ್ಟೆಯನ್ನು ಬಿಳಿ ಅಂತ ತೋರಿಸಿದರೆ ಕ್ಯಾಮೆರಾ ನಂಬಿಬಿಡುತ್ತದೆ. ನಮ್ಮ ಮನೆಯಲ್ಲಿ ತೆಗೆದದ್ದೆಲ್ಲ ತುಸು ನೀಲಿಯಾಗಿ ಬಂತು.

ಮರುದಿನ ಬಾಗೇವಾಡಿಯಲ್ಲಿ ಅಕ್ಕನನ್ನು ಧಾರೆ ಎರೆಯಲು ನಮ್ಮ ಸೋದರಮಾವ ಮತ್ತು ಅತ್ತೆ ಕೂತರು. ಅವ್ವ ಹಿಂದೆ, ಕಂಬದ ಮರೆಯಲ್ಲಿ. ಇದೂ ಹೊಸತೇನಲ್ಲ, ಎಲ್ಲರ ಮನೆಯಲ್ಲೂ ಹೀಗೇ ಅಂತ ನಾನು ಕೆಲಸದಲ್ಲಿ ಮುಳುಗಿದ್ದೆ. ವಾದ್ಯ ಜೋರಾಯಿತು, ಅಕ್ಕಿಕಾಳು ಬೀಳತೊಡಗಿದವು. ಆಗ ಅವ್ವ ಮೈಮರೆತಳೋ ಏನೋ, ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಮಂದಿಯ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಬಂದಳು. ನನ್ನ ಚೌಕಟ್ಟಿನ ಎಡಕ್ಕೆ ಅವಳ ಭುಜ ಬಂತು, ಎತ್ತಿದ ಮುಷ್ಟಿ ಬಂತು. ನನ್ನ ಕೈ ಕ್ಯಾಮೆರಾವನ್ನು ಬಲಕ್ಕೆ ಹೊರಳಿಸಿತು.

ಕೈ ಅಂತ ಈಗ ಹೇಳುತ್ತಿದ್ದೇನೆ. ಕೈಯ ಮೇಲೆ ಯಾಕೆ ಹಾಕಲಿ, ನಾನೇ ಹೊರಳಿಸಿದೆ. ಅವ್ವ ಅದನ್ನು ನೋಡಿದಳು. ಕ್ಯಾಮೆರಾ ತನ್ನಿಂದ ಮುಖ ತಿರುಗಿಸಿದ್ದನ್ನೂ, ಅದರ ಹಿಂದೆ ಇರುವವಳು ತನ್ನ ಮಗಳೆಂಬುದನ್ನೂ ನೋಡಿದಳು. ಮುಷ್ಟಿ ಇಳಿಸಿ ಮತ್ತೆ ಕಂಬದ ಹತ್ತಿರ ಹೋದಳು. ಯಾರಿಗೆ ಏನು ಬೇಕಾಗಿದೆ ಅಂತ ಊರವರ ಮದುವೆಯಲ್ಲೆಲ್ಲ ಹೇಳುತ್ತಿದ್ದ ಶ್ಯಾಣ್ಯಾಕಿ ನಾನು, ಅವಳಿಗೇನು ಬೇಕಾಗಿತ್ತು ಅಂತ ಒಮ್ಮೆ ಕೇಳಿಕೊಳ್ಳಲಿಲ್ಲ. ಅಡ್ಡ ನಿಂತದ್ದು ನಾನೇ.

ಸಂಜೆ ಊರಿಗೆ ಮರಳುವಾಗ ಗಾಡಿಯಲ್ಲಿ ಅವ್ವ ನನ್ನ ಪಕ್ಕ ಕೂತಿದ್ದಳು. ಅವಳ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಏನದು ಅಂತ ಕೇಳಿದೆ. "ಅಕ್ಕಿಕಾಳು," ಅಂದಳು. ಸ್ವಲ್ಪ ದೂರ ಹೋದ ಮೇಲೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಕೆಲಸ ಚಲೋ ಕಲ್ತಿ ಬಿಡು ಯವ್ವಾ" ಅಂದಳು.

ಅವ್ವ ಚುಚ್ಚಿ ಮಾತಾಡುವವಳಲ್ಲ. ಚುಚ್ಚಿದ್ದರೆ ನಾನೂ ಒಂದು ತಿರುಗಿ ಅಂದು, ಜಗಳವಾಡಿ, ಅತ್ತು ಮುಗಿಸುತ್ತಿದ್ದೆ. ಅವಳು ಮನಸಾರೆ ಹೇಳಿದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ತಪ್ಪಾಯಿತು ಅನ್ನಬೇಕೆಂದು ಎಷ್ಟೋ ದಿನ ಬಾಯಿ ತೆರೆದಿದ್ದುಂಟು. ಆ ಮಾತು ಬರುತ್ತಲೇ ಇರಲಿಲ್ಲ. ಚಹಾ ಆಯಿತೇ ಅಂತಲೋ, ಬಸ್ಸಿಗೆ ಹೊತ್ತಾಯಿತು ಅಂತಲೋ ಅಂದು ಹೊರಡುತ್ತಿದ್ದೆ. ಎರಡು ವರ್ಷದ ಮೇಲೆ ಒಂದು ಮುಂಜಾನೆ ತೋಟಕ್ಕೆ ಹೊರಟವಳು ಎದೆ ಹಿಡಿದು ಕಟ್ಟೆಯ ಮೇಲೆ ಕೂತಳು. ದವಾಖಾನೆಯ ದಾರಿಯಲ್ಲೇ ಹೋದಳು.

ಇದಿಷ್ಟನ್ನು ನಾನು ಅಕ್ಕನಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅವಳು ಒಲೆಯ ಕಡೆ ತಿರುಗಿಯೇ ಕೇಳಿದಳು. "ನಾನೂ ನೋಡಿದ್ದೆ," ಅಂದಳು ಕೊನೆಗೆ. "ಅಂತರಪಟ ಸರಿದಿತ್ತು. ಅವ್ವ ಬಂದದ್ದೂ ನೋಡ್ದೆ, ಹೊಳ್ಳಿ ಹೋದದ್ದೂ ನೋಡ್ದೆ. ನಾ ಕರೀಬೇಕಿತ್ತು." ಆಮೇಲೆ ಇಬ್ಬರೂ ಅತ್ತೆವು.

ಮರುದಿನ ಇಬ್ಬರೂ ಸಿಂದಗಿಗೆ ಹೋದೆವು. ವಿಡಿಯೋ ಕೊಟ್ಟ ಮೇಲೆ ಕಾಕಾ ಮೂಲ ತುಣುಕುಗಳನ್ನೆಲ್ಲ ಅಳಿಸಿಬಿಡುತ್ತಿದ್ದರು. "ನಿಮ್ಮ ಮನೀದು ಅಳಿಸಿದ್ದಿಲ್ಲ" ಅಂತ ಹುಡುಕಿ ಕೊಟ್ಟರು. ಮಧ್ಯಾಹ್ನದ ಊಟ ಬಿಟ್ಟು ಮೂವರೂ ನೋಡುತ್ತ ಕೂತೆವು. ಒಂದು ಕಡೆ ಅವ್ವನ ಮೊಣಕೈ. ಒಂದು ಕಡೆ ನೀರು ತುಂಬಿಡು ಅಂತ ಯಾರಿಗೋ ಹೇಳುವ ಅವಳ ದನಿ. ಬಾಗೇವಾಡಿಯದು ಬಂತು: ಭುಜ, ಮುಷ್ಟಿ, ಆಮೇಲೆ ಪ್ಲಾಸ್ಟಿಕ್ ಹೂವಿನ ಗೋಡೆ. ಕಾಕಾ ಅದನ್ನು ಎರಡು ಸಲ ನೋಡಿದರು. ಮೂರನೆಯ ಸಲ ನೋಡದೆ ಕನ್ನಡಕ ತೆಗೆದು ಒರೆಸುತ್ತ, "ನಾ ಕಲಿಸಿದ್ದು ಇದು" ಅಂದರು. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ.

ಬಿಸಾಕುವ ತುಣುಕುಗಳಲ್ಲಿ ನೋಡೋಣ ಅಂದವಳು ಅಕ್ಕ. ಮನೆಯ ಅಂಗಳದ ಬೆಳಕಿನಲ್ಲಿ ಅಪ್ಪನ ಧೋತರ ಪರದೆಯ ತುಂಬ ಬಂತು. ಎರಡೂ ಅಂಚಿಗೆ ಮುಳ್ಳು ಗೀರಿದ ಬೆರಳುಗಳು. ಬಟ್ಟೆ ಮೆಲ್ಲಗೆ ಕೆಳಗಿಳಿಯಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತನಗೂ ಇವತ್ತು ಒಂದು ಕೆಲಸ ಸಿಕ್ಕಿತಲ್ಲ ಅನ್ನುವ ಸಣ್ಣ ನಗೆಯೊಂದಿಗೆ ಅವ್ವ ನೇರ ನನ್ನನ್ನೇ ನೋಡಿದಳು. ಫೋಕಸ್ ಬಟ್ಟೆಗಿತ್ತು, ಮುಖ ತುಸು ಮಸುಕು. ಆದರೂ ಅವ್ವನೇ. "ಆತೇನವಾ?" ಅಂತ ಅವಳು ಕೇಳುತ್ತಿರುವಾಗಲೇ ನನ್ನ ದನಿ, "ಆತು, ಆತು. ನೀ ಅತ್ಲಾಗ ಸರಿ." ತುಣುಕು ಮುಗಿಯಿತು. ನಾನು ಹತ್ತಲ್ಲ, ಎರಡರವರೆಗೂ ಎಣಿಸಿರಲಿಲ್ಲ.

ಅದರಿಂದಲೇ ಒಂದು ಫೋಟೊ ತೆಗೆಸಿದೆವು. ಈಗ ಗೋಡೆಯ ಮೇಲಿರುವುದು ಅದೇ, ಸ್ವಲ್ಪ ನೀಲಿ, ಸ್ವಲ್ಪ ಮಸುಕು. ಅಕ್ಕನಿಗೆ ಆ ತುಣುಕೂ ತನ್ನ ಫೋನಿನಲ್ಲಿ ಬೇಕಾಗಿತ್ತು. ಅವಳಿಗೆ ಆಗ ಆರು ತಿಂಗಳು, ಹುಟ್ಟುವ ಕೂಸಿಗೆ ಅಜ್ಜಿಯ ದನಿ ಕೇಳಿಸಬೇಕು ಅಂದಳು. ನಾನು ಕಾಕಾನಿಗೆ ಹೇಳಿದೆ: "ನನ್ನ ದನಿ ತಗದಬಿಡ್ರಿ ಕಾಕಾ. ಅವ್ವಂದಷ್ಟ ಇರ್ಲಿ."

ಕಾಕಾ ಬಹಳ ಹೊತ್ತು ಪ್ರಯತ್ನಿಸಿದರು. ಹಿಂದೆ ಸರಿಸಿದರು, ಮುಂದೆ ಸರಿಸಿದರು, ದನಿ ತಗ್ಗಿಸಿ ನೋಡಿದರು. ಆಮೇಲೆ ಕೈ ಮಡಿಲಲ್ಲಿ ಇಟ್ಟುಕೊಂಡರು.

"ಆಗೂದಿಲ್ಲ ತಂಗಿ," ಅಂದರು. "ಆಕಿ ಮಾತು ಮುಗಿಯೂದರೊಳಗ ನೀ ಮಾತಾಡೀದಿ. ನಿಂದು ಕತ್ತರಿಸಿದ್ರ ಆಕೀದೂ ಹೋಕ್ಕೈತಿ."

ಅಕ್ಕನ ಮಗಳಿಗೆ ಈಗ ಎರಡು ವರ್ಷ. ಫೋನ್ ಹಿಡಿದು ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾಳೆ. ಅಜ್ಜಿ ಬಟ್ಟೆ ಇಳಿಸಿ ನಗುತ್ತಾಳೆ, ಆತೇನವಾ ಅಂತ ಕೇಳುತ್ತಾಳೆ. ಪ್ರತಿ ಸಲವೂ ನಾನು ಅವ್ವನಿಗೆ ಅತ್ಲಾಗ ಸರಿ ಅನ್ನುತ್ತೇನೆ.