ಗಿರಣಿ ಅಕ್ಕನ ಮೂರು ಅರ್ಜಿಗಳು

ತೆಲುಗು ಸೀಮೆಯ ಕೂಕಟ್‌ಪಲ್ಲಿಯ ನಮ್ಮ ಗಲ್ಲಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಬೀದರ್ ಕಡೆಯ ಅಕ್ಕ, ಸರ್ಕಾರದ ವಿಷಯ ಬಂದರೆ ಗಿರಣಿಯನ್ನೇ ನಿಲ್ಲಿಸಿಬಿಡುತ್ತಿದ್ದಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, "ನಮ್ಮನ್ನ ಯಾರರ ಕೇಳ್ಯಾರೇನ್ರಿ?" ಎಂದು ಶುರು ಮಾಡುವಳು. ನಲ್ಲಿ ನೀರಿನ ವೇಳೆ ಬದಲಾದಾಗಲೂ ಅದೇ ಮಾತು, ಕಸದ ತೊಟ್ಟಿ ಎತ್ತಿಸಿದಾಗಲೂ ಅದೇ. ಜೋಳ ಬೀಸಿಸಲು ಹೋದ ನಾವು ನಗುತ್ತ ಕೇಳುತ್ತಿದ್ದೆವು.

ಐಟಿ ಕಂಪನಿಗಳು ಬಂದು ಕಾರುಗಳು ಹೆಚ್ಚಿದವು. ಮುಖ್ಯರಸ್ತೆಯನ್ನು ಅಗಲ ಮಾಡಿ, ನಡುವೆ ಉದ್ದಕ್ಕೂ ಸೊಂಟದೆತ್ತರದ ಗೋಡೆ ಕಟ್ಟಿದರು. ಬಸ್‌ಸ್ಟಾಪು ಆಚೆ ಬದಿಗೆ ಉಳಿಯಿತು. ಅಕ್ಕನ ಜೊತೆಗಿದ್ದ ಒಬ್ಬಳೇ ತಂಗಿ ದಿನಾ ಅಲ್ಲಿಂದ ಬಸ್ಸು ಹಿಡಿದು, ಕೊಂಡಾಪುರದ ಆಫೀಸೊಂದರಲ್ಲಿ ನೆಲ ಒರೆಸಲು ಹೋಗುತ್ತಿದ್ದಳು.

"ಕಾರಿನವ್ರಿಗಿ ರಸ್ತಾ ಆತು. ನಡಕೊಂಡು ಹೋಗವ್ರು ಎಲ್ಲಿ ದಾಟಬೇಕ್ರಿ? ಒಂದು ಸಂದಿ ಬಿಡ್ರಿ ಸಾಕು."

ಇಷ್ಟನ್ನೇ ಕೇಳಿ ಅಕ್ಕ ಮೂರು ಸಲ ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟಳು. ಮೂರನ್ನೂ ತೆಲುಗಿನಲ್ಲಿ ಬರೆದುಕೊಟ್ಟವನು ನಾನೇ. ಉತ್ತರ ಬರಲಿಲ್ಲ.

ಒಂದು ಬೆಳಿಗ್ಗೆ ತಂಗಿ ಆ ಗೋಡೆ ಹತ್ತಿ ಆಚೆ ಇಳಿಯುವಾಗ ವ್ಯಾನೊಂದು ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತ್ತು.

ಹದಿನೈದು ದಿನಕ್ಕೆ ಗೋಡೆ ಒಡೆದು ದಾರಿ ಬಿಟ್ಟರು. ಉದ್ಘಾಟನೆಗೆ ಬಂದ ಮುಖಂಡರು ಅಕ್ಕನನ್ನು ಕರೆಸಿ, ಕೈಗೆ ಮೈಕು ಕೊಟ್ಟು, ಏನಾದರೂ ಹೇಳಮ್ಮಾ ಎಂದು ತೆಲುಗಿನಲ್ಲಿ ಒತ್ತಾಯಿಸಿದರು. ಅವಳು ಆ ಸಂದಿಯ ಕಡೆ ನೋಡಿದಳು. ಮೈಕನ್ನು ಪಕ್ಕದಲ್ಲಿದ್ದ ನನ್ನ ಕೈಗಿಟ್ಟಳು.

"ಇಲ್ಲಿ ದಾಟಾಕ ನನ್ನವ್ರು ಯಾರೂ ಉಳದಿಲ್ಲಂತ ಹೇಳ್ರಿ ಅವ್ರಿಗಿ."

ಅಷ್ಟನ್ನು ತೆಲುಗಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ.