ಭಾವನ ಮೀನಿನ ತೊಟ್ಟಿಯ ಸದ್ದು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಶಕುನ, ದೆವ್ವ, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು ಇಂಥ ಮಾತು ಸ್ಟಾಫ್ ರೂಮಿನಲ್ಲಿ ಶುರುವಾದರೆ ಸುಮ್ಮನಿರುತ್ತಿರಲಿಲ್ಲ. ಆಗ ಲೈಟ್ ಇತ್ತಾ, ಜ್ವರ ಇತ್ತಾ, ಹೊಟ್ಟೆಗೆ ಏನು ತಿಂದಿದ್ದಿರಿ ಎಂದೆಲ್ಲ ಕೇಳಿ ಕೇಳಿ, ಹೇಳುವವರಿಗೆ ಹೇಳುವ ಉತ್ಸಾಹವೇ ಉಳಿಯದಂತೆ ಮಾಡುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕುಳಿತಿದ್ದೇನೆ. ನಿಮಗೂ ಪ್ರಶ್ನೆಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ನನಗೆ ನಾನೇ ಕೇಳಿಕೊಂಡು ಆಗಿದೆ.

ಇದು ನನ್ನ ಭಾವನಿಗೆ ಸಂಬಂಧಿಸಿದ ವಿಷಯ. ಅಕ್ಕನ ಗಂಡ. ಅಪ್ಪ ತೀರಿಕೊಂಡಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಆಮೇಲೆ ನನ್ನನ್ನು ಬಿ.ಎಡ್. ಓದಿಸಿದವರು, ಕೆಲಸಕ್ಕೆ ಅರ್ಜಿ ಹಾಕಿಸಿದವರು, ನನ್ನ ಮದುವೆಯಲ್ಲಿ ಅಪ್ಪನ ಜಾಗದಲ್ಲಿ ನಿಂತವರು ಅವರೇ. ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಓಲ್ಡ್ ಟೌನಿನ ಸ್ವಂತ ಮನೆಯಲ್ಲಿ ಕೂತರು. ಕೂತರು ಎಂದರೆ ತಪ್ಪಾಗುತ್ತದೆ. ಕೈ ಸುಮ್ಮನಿರುವ ಮನುಷ್ಯನಲ್ಲ ಅವರು. ಮನೆಯ ಕಿಟಕಿ, ಬಾಗಿಲು, ಅಕ್ಕನ ಹೊಲಿಗೆ ಮೆಷಿನ್ನು ಎಲ್ಲ ಬಿಚ್ಚಿ ಸರಿಮಾಡಿ ಮುಗಿದ ಮೇಲೆ ಮೀನು ಸಾಕುವ ಹುಚ್ಚು ಹತ್ತಿತು.

ಅಂಗಡಿಯ ತೊಟ್ಟಿ ಅವರಿಗೆ ಹಿಡಿಸಲಿಲ್ಲ. ಗಾಜು ತರಿಸಿ, ತಾವೇ ಅಂಟಿಸಿ, ನಡುಮನೆಯ ಗೋಡೆಯುದ್ದಕ್ಕೂ ದೊಡ್ಡ ತೊಟ್ಟಿ ಕಟ್ಟಿದರು. ಅದರ ಕೆಳಗೆ ಕಪಾಟಿನಲ್ಲಿ ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ನೀರು ಕೆಳಗಿಳಿದು, ಸ್ಪಂಜು, ಜಲ್ಲಿಗಳ ನಡುವೆ ಹಾದು ಶುದ್ಧವಾಗಬೇಕು. ಪಂಪು ಅದನ್ನು ಮತ್ತೆ ಮೇಲೆ ಕಳಿಸಬೇಕು. ನೀರು ಇಳಿಯಲು ಗಾಜಿಗೆ ತೂತು ಕೊರೆಯಹೋಗಿ ಒಂದು ಗಾಜು ಸೀಳಿತ್ತು. ಅದಕ್ಕೇ ಅವರು ತೊಟ್ಟಿಯ ಅಂಚಿನ ಒಳಗೊಂದು, ಹೊರಗೊಂದು ಚಿಕ್ಕ ಡಬ್ಬಿ ನೇತುಹಾಕಿ, ಎರಡರ ನಡುವೆ ಬಗ್ಗಿಸಿದ ಪೈಪನ್ನು ತಲೆಕೆಳಗಾಗಿ ಇಟ್ಟರು. ಸೈಫನ್ ತತ್ತ್ವ. ಪೈಪಿನ ತುಂಬ ನೀರಿರುವ ತನಕ ಒಳಗಿನ ನೀರು ಅಂಚು ಹತ್ತಿ ಹೊರಗಿನ ಡಬ್ಬಿಗೆ ಬರುತ್ತದೆ. ಅಲ್ಲಿಂದ ಇನ್ನೊಂದು ಪೈಪಿನಲ್ಲಿ ಕೆಳಗಿಳಿಯುತ್ತದೆ. ಪೈಪಿಗೆ ಗಾಳಿ ಹೊಕ್ಕರೆ ಎಲ್ಲ ನಿಂತಂತೆ. ಪಂಪು ಮಾತ್ರ ನೀರನ್ನು ಮೇಲಕ್ಕೆ ಕಳಿಸುತ್ತಲೇ ಇರುತ್ತದೆ.

ಆಗಿದ್ದೂ ಅದೇ. ಕರೆಂಟ್ ಹೋಗಿ ಬಂದಾಗಲೆಲ್ಲ ನಡುಮನೆ ಕೆರೆಯಾಗತೊಡಗಿತು. ಅಕ್ಕ ನನಗೆ ಫೋನ್ ಮಾಡಿದಳು.

"ಮಾರಾಯ್ತಿ, ನೀನೇ ಬಂದು ಇವರಿಗೆ ಬುದ್ಧಿ ಹೇಳು. ಜಮಖಾನ ಒಣಗಿಸೋದೇ ನನ್ನ ಕೆಲಸ ಆಗಿದೆ. ಮೀನೇನೋ ಆರಾಮಾಗಿದಾವೆ, ಮುಳುಗ್ತಾ ಇರೋದು ನಾವು!"

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮ ಮನೆ. ಬಸ್ಸು ಹತ್ತಿದರೆ ಭದ್ರಾವತಿ ದೂರವೇನಲ್ಲ. ಒಂದು ಭಾನುವಾರ ಹೋದೆ. ಭಾವ ಬಾಗಿಲಲ್ಲೇ ನಿಂತಿದ್ದರು.

"ಬಾ ಟೀಚರಮ್ಮ. ಬೋರ್ಡಿನ ಮೇಲೆ ಸೈಫನ್ ಬರೀತೀಯಲ್ಲ, ಇವತ್ತು ಕೈ ಒದ್ದೆ ಮಾಡ್ಕೋ."

ಆ ದಿನ ನಾವಿಬ್ಬರೂ ಮಕ್ಕಳಂತೆ ನೀರಿನಲ್ಲಿ ಆಡಿದೆವು. ಪಂಪಿನ ಸ್ವಿಚ್ಚನ್ನು ನಾವೇ ಆರಿಸುವುದು, ಏನಾಗುತ್ತದೆಂದು ನೋಡುವುದು, ಮತ್ತೆ ಹಾಕುವುದು. ಕರೆಂಟ್ ಹೋದಾಗ ಹೊರಗಿನ ಡಬ್ಬಿ ಪೂರ್ತಿ ಬರಿದಾಗುತ್ತಿತ್ತು. ಪೈಪಿನ ಬಾಯಿ ನೀರಿನಿಂದ ಮೇಲೆ ಉಳಿದು ಗಾಳಿ ಎಳೆದುಕೊಳ್ಳುತ್ತಿತ್ತು. ಡಬ್ಬಿಯ ತಳದಲ್ಲಿದ್ದ ತೂತಿಗೆ ಒಂದು ತುಂಡು ಪೈಪು ನಿಲ್ಲಿಸಿದೆವು. ಈಗ ಡಬ್ಬಿಯಲ್ಲಿ ಒಂದಷ್ಟು ನೀರು ಯಾವಾಗಲೂ ಉಳಿಯುತ್ತಿತ್ತು. ಅರ್ಧ ತೊಂದರೆ ಹೋಯಿತು. ಇನ್ನರ್ಧ ಕರೆಂಟ್ ಇದ್ದಾಗಲೂ ಬರುತ್ತಿತ್ತು. ಪಂಪಿನ ನೀರು ಮೇಲೆ ಧುಮುಕುವ ಜಾಗದಲ್ಲೇ ಪೈಪಿನ ಬಾಯಿ ಇದ್ದುದರಿಂದ ಸಣ್ಣ ಗುಳ್ಳೆಗಳು ಒಳಗೆ ಸೇರಿ ಬಗ್ಗಿದ ಪೈಪಿನ ನೆತ್ತಿಯಲ್ಲಿ ಒಟ್ಟುಗೂಡುತ್ತಿದ್ದವು. ನೀರು ಬೀಳುವ ಪೈಪನ್ನು ತೊಟ್ಟಿಯ ಇನ್ನೊಂದು ತುದಿಗೆ ಸರಿಸಿದೆವು. ಆ ನೆತ್ತಿಗೆ ಒಂದು ಸಪೂರ ಕೊಳವೆ ಸಿಕ್ಕಿಸಿ, ಬೇಕಾದಾಗ ಗಾಳಿಯನ್ನು ಬಾಯಿಂದ ಹೀರಿ ತೆಗೆಯುವಂತೆ ಮಾಡಿದೆವು.

ಇಷ್ಟೆಲ್ಲ ಹೇಳಿದ್ದು ಆ ಸದ್ದಿಗೋಸ್ಕರ. ಪೈಪು ಗಾಳಿ ಎಳೆದುಕೊಳ್ಳುವಾಗ ಒಂದು ಸದ್ದು ಬರುತ್ತಿತ್ತು. ಮೊದಲು ಗೊರ್‌ರ್ ಎಂದು ಉದ್ದಕ್ಕೆ ಎಳೆದಂತೆ, ಆಮೇಲೆ ಗುಳುಕ್, ಗುಳುಕ್ ಎಂದು ನುಂಗಿದಂತೆ, ಆಮೇಲೆ ಉಸಿರು ಹಿಡಿದಂತೆ ಮೌನ. ಮತ್ತೆ ಉದ್ದನೆಯ ಎಳೆತ. ಅದೆಷ್ಟು ಸಲ ಕೇಳಿದೆವೋ, ರಾತ್ರಿ ಮನೆಗೆ ಬಂದು ಮಲಗಿದ ಮೇಲೂ ಕಿವಿಯಲ್ಲಿತ್ತು. ಆದರೆ ಆ ಭಾನುವಾರದ ನಂತರ ತೊಟ್ಟಿ ತಂಟೆ ಮಾಡಲಿಲ್ಲ. ಅಕ್ಕನ ಜಮಖಾನ ಒಣಗಿಯೇ ಇತ್ತು. ನನಗೂ ಆ ಸದ್ದು ಮರೆತುಹೋಯಿತು.

ಮಾರನೆಯ ವರ್ಷ ದಸರಾ ರಜೆ. ಮಧ್ಯಾಹ್ನ ಊಟವಾಗಿತ್ತು. ನಮ್ಮವರು ಆಫೀಸಿನಲ್ಲಿದ್ದರು. ಅತ್ತೆ ನಡುಮನೆಯ ಮಂಚದ ಮೇಲೆ ಒರಗಿಕೊಂಡಿದ್ದರು. ನಾನು ಅಡುಗೆಮನೆಯಲ್ಲಿ ಕೂತು ರವೆ ಜರಡಿ ಹಿಡಿಯುತ್ತಿದ್ದೆ. ಆಗ ಕೇಳಿಸಿತು. ಗೊರ್‌ರ್ ಎಂಬ ಎಳೆತ. ಗುಳುಕ್, ಗುಳುಕ್. ಮೌನ.

ಮೋರಿಯದ್ದಿರಬೇಕು ಅಂದುಕೊಂಡೆ. ಬಚ್ಚಲಿಗೆ ಹೋಗಿ ನೋಡಿದೆ, ನೆಲ ಒಣಗಿತ್ತು. ನಲ್ಲಿ ತಿರುಗಿಸಿದೆ, ನೀರೂ ಇಲ್ಲ, ಸದ್ದೂ ಇಲ್ಲ. ಹಿತ್ತಲಿಗೆ ಹೋಗಿ ನಿಂತೆ. ಅಲ್ಲಿ ಏನೂ ಕೇಳಲಿಲ್ಲ. ಒಳಗೆ ಬಂದರೆ ಮತ್ತೆ ಅದೇ ಎಳೆತ, ಹತ್ತಿರದಲ್ಲೇ, ಪಕ್ಕದಲ್ಲಿ ಯಾರೋ ಇದ್ದಾರೆ ಎನ್ನುವಷ್ಟು ಹತ್ತಿರದಲ್ಲಿ. ನನ್ನ ಭ್ರಮೆ ಎಂದು ತಳ್ಳಿಹಾಕಿ ಜರಡಿ ಕೈಗೆತ್ತಿಕೊಳ್ಳುತ್ತಿದ್ದೆನೇನೋ. ಅಷ್ಟರಲ್ಲಿ ಅತ್ತೆ ಮಂಚದಿಂದಲೇ ಕೂಗಿದರು.

"ಎಲ್ಲೋ ನೀರು ಹೋಗ್ತಾ ಇದೆ ನೋಡಮ್ಮ. ನಲ್ಲಿ ಬಂತೇನೋ. ಏನದು ಹಂಗೆ ಗೊರಗೊರ ಅಂತಿದೆ?"

ಅತ್ತೆ ಭಾವನ ತೊಟ್ಟಿಯನ್ನು ನೋಡಿದವರೇ ಅಲ್ಲ. ಆ ಸದ್ದು ಅವರಿಗೆ ಗೊತ್ತಿರುವ ಸಾಧ್ಯತೆಯೇ ಇರಲಿಲ್ಲ.

ನನಗೆ ಹೆದರಿಕೆಯಾಗಲಿಲ್ಲ. ಮೊದಲು ಹೊಳೆದದ್ದು, ಈಗ ನೆನೆದರೆ ನಗು ಬರುತ್ತದೆ, 'ಅಯ್ಯೋ, ಅಕ್ಕನ ಮನೆ ತುಂಬ ನೀರು' ಅನ್ನುವುದು. ಅಕ್ಕ ಮಗಳ ಜೊತೆ ಅಂದು ತರೀಕೆರೆಗೆ ನಾಮಕರಣಕ್ಕೆ ಹೋಗಿದ್ದಳು. ಭಾವ ಒಬ್ಬರೇ ಮನೆಯಲ್ಲಿದ್ದರು. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮಧ್ಯಾಹ್ನ ಭಾವ ಮನೆ ಬಿಟ್ಟು ಹೋಗುವವರಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಂಡು, ಊಟ ಮಾಡಿ, ಮೀನಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಹೊತ್ತು ಅದು. ಫೋನು ಇದ್ದದ್ದೂ ಆ ಕುರ್ಚಿಯ ಪಕ್ಕದಲ್ಲೇ.

"ಭದ್ರಾವತಿಗೆ ಹೋಗಿ ಬರ್ತೀನಿ ಅತ್ತೆ" ಅಂದೆ.

"ಈಗಲಾ? ಯಾಕೆ?"

ಏನು ಹೇಳಲಿ? "ಭಾವ ಫೋನ್ ಎತ್ತುತಾ ಇಲ್ಲ" ಅಂದು ಚಪ್ಪಲಿ ಮೆಟ್ಟಿದೆ.

ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆ ಶುರುವಾಯಿತು. ಎಲ್ಲಿಯದೋ ಪೈಪಿನ ಸದ್ದು ಕೇಳಿ ಇನ್ನೊಂದೂರಿಗೆ ಓಡುತ್ತಿದ್ದೇನಲ್ಲ, ನಮ್ಮ ಶಾಲೆಯವರಿಗೆ ಗೊತ್ತಾದರೆ ಏನಂದಾರು? ಭಾವ ಮಲಗಿ ನಿದ್ದೆಹೋಗಿದ್ದರೆ ಎಬ್ಬಿಸಿ ಏನಂತ ಹೇಳುವುದು? ಹೀಗೆಲ್ಲ ಯೋಚಿಸುತ್ತಲೇ, ಬಸ್ಸು ಎಲ್ಲಾದರೂ ನಿಂತರೆ ಡ್ರೈವರ್ ಮೇಲೆ ಸಿಟ್ಟು ಬರುತ್ತಿತ್ತು.

ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಕರೆದೆ, ಬಡಿದೆ. ಪಕ್ಕದ ಮನೆಯ ಸೆಲ್ವಿ ಹೊರಗೆ ಬಂದಳು. "ಅಣ್ಣ ಒಳಗೇ ಇದಾರಲ್ಲ ಅಕ್ಕ, ಬೆಳಗ್ಗೆ ಮಾತಾಡಿದ್ರು" ಅಂದಳು. ಇಬ್ಬರೂ ಸುತ್ತು ಹಾಕಿ ಹಿತ್ತಲ ಬಾಗಿಲಿಂದ ಹೋದೆವು. ಅದು ಬರೀ ಮುಚ್ಚಿತ್ತು.

ನಡುಮನೆಯ ನೆಲದಲ್ಲಿ ಒಂದು ಹನಿ ನೀರಿಲ್ಲ. ತೊಟ್ಟಿಯ ದೀಪ ಉರಿಯುತ್ತಿತ್ತು. ಮೀನುಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಬಗ್ಗಿದ ಪೈಪಿನ ತುಂಬ ನೀರು, ಒಂದು ಗುಳ್ಳೆಯೂ ಇಲ್ಲ, ಸದ್ದೂ ಇಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ ನಗುವೇ ಬಂತು. ಸೆಲ್ವಿಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದೆ.

ಆಗ ಬೆನ್ನ ಹಿಂದೆ ಗೊರ್‌ರ್ ಎಂದಿತು. ಗುಳುಕ್, ಗುಳುಕ್. ಮೌನ.

ಮಲಗುವ ಕೋಣೆಯಿಂದ. ಭಾವ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಅಂಗಾತ ಬಿದ್ದಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ಕಣ್ಣು ಅರ್ಧ ತೆರೆದಿತ್ತು, ಆದರೆ ಕರೆದರೆ ತಿಳಿಯುತ್ತಿರಲಿಲ್ಲ. ಆ ಸದ್ದು ಅವರ ಗಂಟಲಿನದು. ಉಸಿರು ಎಳೆಯುವುದು, ನುಂಗುವುದು, ನಿಲ್ಲುವುದು. ನಾನು ಹೊಸಮನೆಯ ಅಡುಗೆಮನೆಯಲ್ಲಿ ಕೇಳಿದ್ದು ಅದನ್ನೇ. ಅದರಂಥದ್ದನ್ನಲ್ಲ, ಅದನ್ನೇ.

ಸೆಲ್ವಿ "ಅಯ್ಯೋ ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆಯುತ್ತ ಓಡಿಹೋಗಿ ಲೋಟದಲ್ಲಿ ಸಕ್ಕರೆ ನೀರು ತಂದಳು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು ಎಂದು ತಡೆದೆ. ಇಬ್ಬರೂ ಸೇರಿ ಮಂಚ ಎಳೆದು, ಅವರನ್ನು ಪಕ್ಕಕ್ಕೆ ಹೊರಳಿಸಿದೆವು. ಬಾಯಿಂದ ಜೊಲ್ಲು ಹರಿಯಿತು. ಸದ್ದು ನಿಂತು ಉಸಿರು ಸಲೀಸಾಯಿತು. ಸೆಲ್ವಿಯ ಗಂಡ ಆಟೊ ತಂದರು. ಎತ್ತಿಕೊಂಡು ಹೊರಗೆ ಬರುವಾಗ ಅಡುಗೆಮನೆಯಲ್ಲಿ ಕಂಡಿತು: ತಟ್ಟೆಯಲ್ಲಿ ಅನ್ನ ಬಡಿಸಿ, ಸಾರು ಹಾಕಿ ಇಟ್ಟಿತ್ತು. ಕೈ ಇಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದ ಡಾಕ್ಟರು ಸಕ್ಕರೆ ಪಾತಾಳಕ್ಕೆ ಇಳಿದಿದೆ ಎಂದರು. ಗ್ಲೂಕೋಸ್ ಏರಿದಂತೆ ಭಾವ ಕಣ್ಣು ಬಿಟ್ಟರು. ಸುತ್ತ ನೋಡಿ, ನನ್ನನ್ನು ಕಂಡು, ಬಂದ ನೆಂಟರನ್ನು ವಿಚಾರಿಸುವ ಹಾಗೆ ಕೇಳಿದರು: "ಟೀಚರಮ್ಮ, ಯಾವಾಗ ಬಂದೆ? ಊಟ ಆಯ್ತಾ?"

ನಾನು ಅಲ್ಲೇ ಗೋಡೆಗೆ ತಿರುಗಿ ಅತ್ತುಬಿಟ್ಟೆ.

"ಇನ್ನು ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು" ಅಂದರು ಡಾಕ್ಟರು. "ಸರಿಯಾದ ಹೊತ್ತಿಗೆ ಮನೇಲಿ ಇದ್ರಿ ನೀವು." ನಾನು ಮನೆಯಲ್ಲಿ ಇರಲಿಲ್ಲ ಎಂದು ಅವರಿಗೆ ಹೇಳಲಿಲ್ಲ.

ನಮ್ಮವರಿಗೆ ಹೇಳಿದೆ. ಅವರು ಸಮಾಧಾನವಾಗಿ ಕೇಳಿ, "ಅಕ್ಕ ಊರಲ್ಲಿಲ್ಲ, ಭಾವನಿಗೆ ಶುಗರ್ ಇದೆ ಅನ್ನೋದು ನಿನ್ನ ಮನಸ್ಸಲ್ಲಿ ಕೊರೀತಾ ಇತ್ತು. ಯಾವುದೋ ಸದ್ದು ಕೇಳಿತು, ಮನಸ್ಸು ಅದಕ್ಕೆ ಜೋಡಿಸ್ತು" ಅಂದರು. ನಾನೇ ಬೇರೆಯವರಿಗೆ ಹೇಳಬಹುದಾಗಿದ್ದ ಮಾತು ಅದು. ಹಾಗೇ ಇರಲಿ ಎಂದು ನಾನೂ ಬಯಸಿದೆ. ಆ ಸದ್ದು ನಮ್ಮ ಮನೆಯಲ್ಲಿ ಎಲ್ಲಿಂದ ಬರಲು ಸಾಧ್ಯ ಎಂದು ಎಲ್ಲ ನಲ್ಲಿ ಬಿಟ್ಟು ನೋಡಿದೆ, ಬಚ್ಚಲಿಗೆ ಬಕೆಟ್ಟುಗಟ್ಟಲೆ ನೀರು ಸುರಿದು ನೋಡಿದೆ, ಟ್ಯಾಂಕಿನ ಪೈಪಿಗೆ ಕಿವಿಯಿಟ್ಟೆ. ಪಕ್ಕದ ಮನೆಯವರನ್ನೂ ಕೇಳಿದೆ. ಅಂಥ ಸದ್ದು ಎಲ್ಲೂ ಬರಲಿಲ್ಲ. ಅತ್ತೆಯನ್ನು ಕೇಳಿದರೆ, "ನಲ್ಲಿಯದ್ದಲ್ವೇನಮ್ಮ? ಮತ್ತೆ ಇನ್ಯಾವುದು?" ಎಂದು ನನ್ನನ್ನೇ ಕೇಳಿದರು. ಅವರಿಗೆ ಅದರಲ್ಲಿ ವಿಶೇಷವೇ ಕಾಣಲಿಲ್ಲ.

ಭಾವ ಮಾತ್ರ ಇಡೀ ಕಥೆಯನ್ನು ಖುಷಿಯಿಂದ ಕೇಳಿದರು. "ನೀರಲ್ಲಿ ಸದ್ದು ಜೋರಾಗಿ ಓಡುತ್ತೆ ಅಂತ ನೀನೇ ಪಾಠ ಮಾಡ್ತೀಯಲ್ಲ. ಇಲ್ಲಿಂದ ಭದ್ರಾ ಹೊಳೆ ಹಿಡಿದು, ಎರಡು ಹೊಳೆ ಸೇರೋ ಕೂಡ್ಲಿಗೆ ಹೋಗಿ, ಅಲ್ಲಿ ತಿರುಗಿ ತುಂಗೆ ಹತ್ತಿ ನಿಮ್ಮೂರಿಗೆ ಬಂದಿರ್ಬೇಕು. ಸುತ್ತು ದಾರಿ, ಆದ್ರೂ ಬಂತಲ್ಲ ಮಾರಾಯ್ತಿ!" ಎಂದು ನಕ್ಕರು. ಆಮೇಲೆ ನಗದೆ ಹೇಳಿದರು: "ನಾನು ಯಾರನ್ನೂ ಕರೀಲಿಲ್ಲ. ಕರೆಯೋಷ್ಟು ತಿಳುವಳಿಕೆ ಇರಲಿಲ್ಲ ನನಗೆ. ತಲೆ ತಿರುಗಿತು, ಮಂಚದ ಮೇಲೆ ಕೂರೋಣ ಅಂತ ಹೋದೆ. ಅಷ್ಟೇ ನೆನಪು."

ಅದಾದ ಮೇಲೆ ಅವರು ಬಹಳ ವರ್ಷ ಬದುಕಿದರು. ಮಗಳ ಮದುವೆ ಮಾಡಿದರು, ಮೊಮ್ಮಗನಿಗೆ ಮೀನುಗಳ ಹೆಸರು ಕಲಿಸಿದರು. ಕೊನೆಗೆ ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋಗಿದ್ದರು. ಆ ಬೆಳಿಗ್ಗೆ ನಾನು ಎಂದಿನಂತೆ ಎದ್ದು, ಕಾಫಿ ಕುಡಿದು, ತಿಂಡಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಮನೆ ನಿಶ್ಶಬ್ದವಾಗಿತ್ತು. ನನಗೆ ಏನೂ ಕೇಳಿಸಲಿಲ್ಲ, ಏನೂ ಅನ್ನಿಸಲಿಲ್ಲ. ಅಕ್ಕನ ಮಗಳು ಫೋನ್ ಮಾಡಿದಾಗಲೇ ಗೊತ್ತಾದದ್ದು.

ಎಲ್ಲ ಮುಗಿದು ನೆಂಟರು ಹೋದ ಮೇಲೆ ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತಳು. ದೂರುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವ ದನಿಯಲ್ಲಿ ಕೇಳಿದಳು: "ಅವತ್ತು ಅಷ್ಟು ದೂರಕ್ಕೆ ಕೇಳಿಸ್ತಲ್ಲೇ ನಿನಗೆ. ಈ ಸಲ ನಾನು ಪಕ್ಕದಲ್ಲೇ ಮಲಗಿದ್ದೆ. ನನಗೆ ಯಾಕೆ ಏನೂ ಕೇಳಿಸಲಿಲ್ಲ?"

ನಾನು ಅವಳ ಕೈ ಹಿಡಿದುಕೊಂಡೆ.